ಐಸ್ ಸಾವ್ಕಾರ್ರು

ಬೀಜ, ಗೊಬ್ಬರ, ಎಣ್ಣೆ ಮಾರುವ ಅಂಗಡಿಕಾರರಲ್ಲಿ ಎರಡೇ ಪಂಗಡ: ಟೂರಿಗೆ ಹೋಗಿಬಂದವರು, ಇನ್ನೂ ಟಾರ್ಗೆಟ್ ಮುಟ್ಟದವರು. ಎಣ್ಣೆ ಅಂದರೆ ನಮ್ಮ ಕಡೆ ಹೊಲಕ್ಕೆ ಹೊಡೆಯುವ ಕ್ರಿಮಿನಾಶಕ. ಸಂಜೆ ಹೊಡೆಯುವುದರ ಲೆಕ್ಕ ಬೇರೆ. ಇಷ್ಟು ಡಬ್ಬಿ ಹೋದರೆ ಮಿಕ್ಸರ್, ಇನ್ನಿಷ್ಟು ಹೋದರೆ ಫ್ರಿಜ್ಜು, ಅದನ್ನೂ ದಾಟಿದರೆ ವಿಮಾನ ಎಂದು ಕಂಪನಿಯವರು ಬಿತ್ತನೆಗೆ ಮೊದಲೇ ಬಣ್ಣದ ಹಾಳೆ ಹಂಚಿಬಿಡುತ್ತಾರೆ.

ಬ್ಯಾಂಕಾಕಿಗೆ ಹೋಗಿಬಂದ ಡೀಲರ್ ಊರಲ್ಲಿ ಏನನ್ನೂ ಹೇಳುವುದಿಲ್ಲ, ಕೇಳಿದರೆ ಸುಮ್ಮನೆ ನಗುತ್ತಾನೆ. ದುಬೈಗೆ ಹೋದವನು ಖರ್ಜೂರ ಹಂಚಿ, ಬಂಗಾರದ ರೇಟು ಹೇಳಿ ಮುಗಿಸುತ್ತಾನೆ. ಹಿಮ ನೋಡಿಬಂದವನು ಮಾತ್ರ ಮಾತಾಡುತ್ತಾನೆ, ವರ್ಷಗಟ್ಟಲೆ ಮಾತಾಡುತ್ತಾನೆ. ಕೂಡ್ಲಿಗಿಯಲ್ಲಿ ಇಂಥವರಿದ್ದಾರೆ, ಕೊಟ್ಟೂರು, ಹಡಗಲಿಗಳಲ್ಲೂ ಇದ್ದಾರೆ. ಬೀಚಿ ಹುಟ್ಟಿದ ಹರಪನಹಳ್ಳಿಯಲ್ಲಂತೂ ಇಲ್ಲದಿದ್ದರೆ ಆ ಊರಿಗೇ ಅವಮಾನ. ಹಗರಿಬೊಮ್ಮನಹಳ್ಳಿಯ ಪಾಲಿಗೆ ಬಂದವರು ನಮ್ಮ ಐಸ್ ಸಾವ್ಕಾರ್ರು.

ಅವರ ಅಪ್ಪ-ಅಮ್ಮ ಇಟ್ಟ ಹೆಸರು ಈಗ ಜಿಎಸ್‌ಟಿ ಬಿಲ್ಲಿನಲ್ಲಿ ಮಾತ್ರ ಉಳಿದಿದೆ. ಐವತ್ತು ದಾಟಿದ ವಯಸ್ಸು, ಹಣೆ ತುಂಬ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಅಂಗಿ, ಜೇಬಿನಲ್ಲಿ ಕಂಪನಿಯ ಪೆನ್ನು, ಟೇಬಲ್ ಮೇಲೆ ಎರಡು ಮೊಬೈಲು. ಹಿಂದಿನ ಗೋಡೆಯಲ್ಲಿ ಲಕ್ಷ್ಮಿ, ಕೊಟ್ಟೂರು ಬಸವೇಶ್ವರ, ಅವರ ತಂದೆ. ಈ ಮೂವರ ಪಕ್ಕಕ್ಕೆ, ತುಸು ಎತ್ತರದಲ್ಲೇ, ಕಟ್ಟು ಹಾಕಿಸಿದ ಒಂದು ಬಿಳಿ ಹಾಳೆ. ಹೊಸಬರು ಚಿತ್ರ ಬಿದ್ದುಹೋಗಿ ಚೌಕಟ್ಟು ಉಳಿದಿದೆ ಎಂದುಕೊಳ್ಳುತ್ತಾರೆ. ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿದರೆ ನಡುವೆ ಒಂದು ಕೇಸರಿ ಚುಕ್ಕೆ, ಎಡಕ್ಕೆ ಒಂದು ಕಪ್ಪು ಚುಕ್ಕೆ ಕಾಣುತ್ತವೆ.

‘ಗುಲ್ಮರ್ಗ್. ಸ್ಕೀಯಿಂಗ್ ಮಾಡಾಕತ್ತೀನಿ,’ ಎನ್ನುತ್ತಾರೆ ಸಾವ್ಕಾರ್ರು, ರಸೀದಿ ಬರೆಯುತ್ತಲೇ, ತಲೆ ಎತ್ತದೆ.

‘ಯಾವ್ದ್ರಿ ನೀವು?’

‘ಕೇಸರಿ.’ ಕೆಲವು ದಿನ ಕಪ್ಪು ಚುಕ್ಕೆಯನ್ನೂ ತೋರಿಸುತ್ತಾರೆ. ಅದು ಕುದುರೆಯವನು ಎಂಬುದು ಅವರ ಮನೆಯವರ ಮಾತು.

ಹೋಗಿದ್ದು 2024ರ ಫೆಬ್ರವರಿ ಮೊದಲ ವಾರ. ಅದರ ಹಿಂದಿನ ಮುಂಗಾರು ಹೇಗಿತ್ತೆಂದು ಯಾರಿಗೂ ನೆನಪಿಸಬೇಕಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತ್ತು. ಮೆಕ್ಕೆಜೋಳ ಮೊಣಕಾಲೆತ್ತರಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತ್ತು. ಅಂಥ ವರ್ಷದಲ್ಲಿ ಟೂರು ಹೇಗೆ ಬಂತು ಎಂದರೆ, ಅದು ಹಿಂದಿನ ವರ್ಷದ ಬಾಕಿ. ಮಳೆ ಚೆನ್ನಾಗಿ ಆಗಿ, ಹುಳು ಇನ್ನೂ ಚೆನ್ನಾಗಿ ಬಿದ್ದ ವರ್ಷದ ಸಂಪಾದನೆ. ಅಮೆರಿಕ ಖಂಡದ ಆ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲು ಸಿಕ್ಕಿಬಿದ್ದದ್ದು 2018ರಲ್ಲಿ, ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ. ರೈತರು ಅದನ್ನು ಲದ್ದಿಹುಳ ಎಂದು ಬೈಯುತ್ತಾರೆ. ಸಾವ್ಕಾರ್ರು ಬೈದದ್ದನ್ನು ಯಾರೂ ಕೇಳಿಲ್ಲ. ಹುಳು ಬರುವ ಮುಂಚೆ ಅವರು ಮಿಕ್ಸರ್ ದಾಟಿದವರಲ್ಲ.

ಬರದಲ್ಲಿ ಟೂರಿಗೆ ಹೊರಡಲು ಅವರಿಗೂ ಸಂಕೋಚವಿತ್ತು ಎನ್ನಬೇಕು. ರಾತ್ರಿಯ ಬಸ್ಸಿಗೇ ಹೊರಟರು. ಮಗಳ ಮನೆಗೆ ಎಂದು ಹೇಳಿ ಹೋದರು. ಆದರೆ ಜೊತೆಗೆ ಎರಡು ಮಂಕಿ ಕ್ಯಾಪು, ಮೂರು ಸ್ವೆಟರು, ಒಂದು ಮೂಟೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹೊತ್ತ ಗಂಡ-ಹೆಂಡತಿ ಫೆಬ್ರವರಿ ಸೆಕೆಯಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಬೆವರುತ್ತ ನಿಂತರೆ ಮಗಳು ಯಾವ ಊರಿನಲ್ಲಿದ್ದಾಳೆಂದು ಊರು ಕೇಳದೆ ಬಿಟ್ಟೀತೇ? ಬೆಳಗಾಗುವಷ್ಟರಲ್ಲಿ ಚಹಾದ ಅಂಗಡಿಯಲ್ಲಿ ತೀರ್ಪು ಹೊರಬಿದ್ದಿತ್ತು: ‘ಇಲ್ಲಿ ಕುಡಿಯಾಕ ನೀರಿಲ್ಲ, ಇವ್ರು ನೀರಿನ ಮ್ಯಾಲೆ ಜಾರಾಕ ಹೊಂಟಾರ.’

ಅತ್ತ ಗುಲ್ಮರ್ಗದಲ್ಲೂ ಬರವೇ ಇತ್ತು. ಕಾಶ್ಮೀರದವರು ಡಿಸೆಂಬರ್ 21ರಿಂದ ನಲವತ್ತು ದಿನದ ಕಡುಚಳಿಯನ್ನು ಚಿಲ್ಲಾ-ಎ-ಕಲಾನ್ ಎನ್ನುತ್ತಾರೆ. ಹಿಮ ಬೀಳಬೇಕಾದದ್ದು ಆಗಲೇ. ಆ ಸಲ ಜನವರಿ ಮುಗಿಯುತ್ತ ಬಂದರೂ ಹುಲ್ಲುಗಾವಲು ಕಂದು ಬಣ್ಣದಲ್ಲೇ ಬಿದ್ದಿತ್ತು. ಹೋಟೆಲ್ ಬುಕಿಂಗ್‌ಗಳು ರದ್ದಾದವು, ಸ್ಲೆಡ್ಜ್ ಎಳೆಯುವವರು ಕೈಕಟ್ಟಿ ಕೂತರು, ನಾವು ಗುರ್ಜಿ ಆಡಿಸಿ ಮಳೆ ಬೇಡಿದರೆ ಅವರು ಬಯಲಲ್ಲಿ ನಮಾಜು ಮಾಡಿ ಹಿಮ ಬೇಡಿದರು. ತಿಂಗಳ ಕೊನೆಯಲ್ಲಿ ದೇವರು ಕಣ್ಣು ಬಿಟ್ಟ. ಬಿಟ್ಟವನು ಮುಚ್ಚಲಿಲ್ಲ. ಬಾಕಿ ಹಿಮವೆಲ್ಲ ಒಟ್ಟಿಗೆ ಸುರಿಯತೊಡಗಿತು. ಅದರ ನಟ್ಟನಡುವೆ ನಮ್ಮ ಸಾವ್ಕಾರ್ರು ಬಂದಿಳಿದರು.

ಟಂಗ್‌ಮರ್ಗ್‌ನಲ್ಲಿ ಗಾಡಿ ನಿಂತಿತು. ಅಲ್ಲಿಂದ ಗುಲ್ಮರ್ಗಕ್ಕೆ ಇರುವುದು 13 ಕಿಲೋಮೀಟರ್ ಏರುದಾರಿ; ಚಕ್ರಕ್ಕೆ ಕಬ್ಬಿಣದ ಸರಪಳಿ ಬಿಗಿಯದೆ ಮೇಲೆ ಬಿಡುವುದಿಲ್ಲ. ಬಾಡಿಗೆ ಕೋಟು, ಗಂಬೂಟು ತೊಡಿಸುವ ಅಂಗಡಿಗಳಿರುವುದೂ ಅಲ್ಲೇ. ಸಾವ್ಕಾರ್ರ ಹೊಟ್ಟೆಗೆ ಗುಂಡಿ ಕೂಡುವ ಕೋಟು ಒಂದೇ ಇತ್ತು. ಅದು ಕೇಸರಿ.

ಗುಲ್ಮರ್ಗದಲ್ಲಿ ಜಗತ್ತಿಗೇ ಹೆಸರಾದ ಗೊಂಡೋಲಾ ರೋಪ್‌ವೇ ಇದೆ. ಮೊದಲ ಹಂತ 1998ರಲ್ಲಿ, ಎರಡನೆಯದು 2005ರಲ್ಲಿ ಶುರುವಾಯಿತು. ಎರಡನೆಯದು ಅಫರ್ವತ್ ಶಿಖರದ ಹೆಗಲಿಗೆ, 3,900 ಮೀಟರಿಗೂ ಮೇಲಕ್ಕೆ ಒಯ್ದು ಬಿಡುತ್ತದೆ. ಎಲ್ಲೆಲ್ಲಿಂದಲೋ ಬಂದ ನಿಜವಾದ ಸ್ಕೀಗಾರರು ಅಲ್ಲಿಂದ ಕೆಳಕ್ಕೆ ಹಾರುತ್ತಾರೆ. ಗಾಳಿ ಎದ್ದರೆ, ಹಿಮಕುಸಿತದ ಭಯವಿದ್ದರೆ ಅದನ್ನು ನಿಲ್ಲಿಸುತ್ತಾರೆ. ಆ ದಿನ ನಿಲ್ಲಿಸಿದ್ದರು. ಇದು ಸಾವ್ಕಾರ್ರ ಪೂರ್ವಪುಣ್ಯ. ಈಗ ಅವರು ನಿಟ್ಟುಸಿರು ಬಿಟ್ಟು, ‘ಫೇಸ್ ಟೂ ಬಂದಾಗಿತ್ತು, ಇಲ್ಲಂದ್ರ ಮ್ಯಾಲಿಂದನ ಬರತಿದ್ದೆ’ ಎನ್ನುತ್ತಾರೆ. ಆ ‘ಇಲ್ಲಂದ್ರ’ ಒಂದು ಮಾತಿನ ಮೇಲೆ ಅವರು ಇಳಿದಿರುವಷ್ಟು ದೂರ ಯಾರೂ ಸ್ಕೀ ಮೇಲೆ ಇಳಿದಿಲ್ಲ.

ಇಳಿದದ್ದು ಹೊಸಬರಿಗೆಂದೇ ಇರುವ, ಕೂಸುಗಳೂ ಕಲಿಯುವ ಸಣ್ಣ ದಿಬ್ಬ. ನಮ್ಮ ಜರಿಮಲೆ ಗುಡ್ಡದ ಹುಡುಗರು ನೋಡಿದ್ದರೆ ಇಳಿಜಾರು ಎಲ್ಲಿದೆ ಎಂದು ಕೇಳುತ್ತಿದ್ದರು. ಆದರೆ ಕಾಲಿಗೆ ಬೂಟು ತೊಟ್ಟ ಮೇಲೆ ದಿಬ್ಬದ ಅಳತೆ ಬೇರೆಯೇ ಆಗುತ್ತದೆ. ಸ್ಕೀ ಬೂಟು ಗಟ್ಟಿ ಪ್ಲಾಸ್ಟಿಕ್ಕಿನದು. ಕಣಕಾಲು ಮಡಚಲು ಬಿಡುವುದಿಲ್ಲ. ಸಾವ್ಕಾರ್ರಿಗೆ ಬಗ್ಗಲು ಹೊಟ್ಟೆ ಬಿಡುವುದಿಲ್ಲ. ಕಡೆಗೆ ಅವರನ್ನು ಬೆಂಚಿನ ಮೇಲೆ ಕೆಡವಿ, ಎತ್ತಿಗೆ ಲಾಳ ಕಟ್ಟುವಾಗ ಹಿಡಿಯುವಂತೆ ಒಬ್ಬ ಹೆಗಲು, ಒಬ್ಬ ಮೊಣಕಾಲು ಹಿಡಿದು, ಮೂರನೆಯವನು ಬಕಲು ಬಿಗಿದ. ಪ್ರತಿವರ್ಷ ಕೊಟ್ಟೂರಿಗೆ ಬರಿಗಾಲಲ್ಲಿ ಪಾದಯಾತ್ರೆ ಮಾಡುವ ಕಾಲುಗಳು ಅವು. ಅಂದು ಬೆಂಚಿನಿಂದ ಬಾಗಿಲಿಗೆ ತಲುಪುವಷ್ಟರಲ್ಲೇ ಹರಕೆ ಹೊತ್ತವು.

ಬೂಟಿನ ಮುಂಗಾಲು ಮೊದಲು, ಹಿಮ್ಮಡಿ ಆಮೇಲೆ ಒತ್ತಿದರೆ ಟಕ್ ಎಂದು ಸ್ಕೀ ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡದ್ದೇ ಸಾವ್ಕಾರ್ರು ಹೊರಟರು. ಹೊರಡುವ ಇರಾದೆ ಅವರಿಗಿರಲಿಲ್ಲ. ಇಳಿಜಾರಲ್ಲಿ ಮನುಷ್ಯನಿಗೆ ಸಹಜವಾಗಿ ಬರುವ ಬುದ್ಧಿ ಹಿಂದಕ್ಕೆ ವಾಲುವುದು; ಸ್ಕೀಯಲ್ಲಿ ಹಿಂದಕ್ಕೆ ವಾಲಿದರೆ ಹಿಡಿತ ತಪ್ಪಿ ವೇಗ ಹೆಚ್ಚುತ್ತದೆ. ಮುಂದಕ್ಕೆ, ಅಂದರೆ ಬೀಳಬಹುದಾದ ಕಡೆಗೇ, ಬಾಗಬೇಕು. ಅರ್ಧ ಊರಿಗೆ ಉದ್ರಿ ಕೊಟ್ಟಿರುವ ಮನುಷ್ಯನಿಗೆ ಇದು ಗೊತ್ತಿರಬೇಕಿತ್ತು.

‘ವಿ! ವಿ ಬನಾವೋ!’ ಎಂದು ಕೂಗುತ್ತ ಗೈಡ್ ಹುಡುಗ ಹಿಂದೆ ಓಡಿದ. ಎರಡೂ ಸ್ಕೀಗಳ ಮೂತಿ ಹತ್ತಿರ ತಂದು, ಹಿಮ್ಮಡಿ ಅಗಲಿಸಿದರೆ ಹಿಮವನ್ನು ಕೆರೆದು ವೇಗ ತಗ್ಗುತ್ತದೆ. ಕಲಿಯುವವರಿಗೆ ಇದೊಂದೇ ಬ್ರೇಕು. ಸಾವ್ಕಾರ್ರು ವಿ ಎಂಬುದನ್ನು ಕಂಪನಿ ಸಮಾವೇಶಗಳಲ್ಲಿ ಕಂಡವರು. ಕೋಲು ಬಿಟ್ಟು, ಎರಡು ಬೆರಳು ಎತ್ತಿ, ಮೊಬೈಲು ಹಿಡಿದು ನಿಂತಿದ್ದ ಹೆಂಡತಿಯತ್ತ ನಕ್ಕರು. ಗೋಡೆಯ ಮೇಲಿರುವುದು ಆ ಗಳಿಗೆ. ಮಂಜಿನಲ್ಲಿ ಬೆರಳು ಕಾಣುವುದಿಲ್ಲ, ನಗುವೂ ಕಾಣುವುದಿಲ್ಲ. ಮರುಗಳಿಗೆ ಸಾವ್ಕಾರ್ರೇ ಕಾಣಲಿಲ್ಲ.

ಹೊಸ ಹಿಮದಲ್ಲಿ ಬಿದ್ದರೆ ನೋವಾಗುವುದಿಲ್ಲ, ಏಳುವುದು ಮಾತ್ರ ಆಗುವುದಿಲ್ಲ. ಸ್ಕೀಗಳನ್ನು ಇಳಿಜಾರಿಗೆ ಅಡ್ಡಲಾಗಿ ತಿರುಗಿಸಿಕೊಂಡು ಏಳಬೇಕು. ಉದ್ದಕ್ಕೆ ಇಟ್ಟು ಎದ್ದರೆ ಏಳುತ್ತಲೇ ಮತ್ತೆ ಹೊರಟುಬಿಡುತ್ತೀರಿ. ಸಾವ್ಕಾರ್ರು ಹಾಗೆಯೇ ಹೊರಟರು, ಮತ್ತೆ ಬಿದ್ದರು, ಮತ್ತೆ ಹೊರಟರು. ಬಳ್ಳಾರಿ ಸೀಮೆಯ ಹಿಂದಿಯಲ್ಲಿ ‘ಪಕಡೋ ರೇ, ಛೋಡೂ ನಕ್ಕೋ’ ಎಂದು ಬೊಬ್ಬೆ ಹಾಕಿದರು. ಕಾಶ್ಮೀರದ ಹುಡುಗನಿಗೆ ಆ ‘ನಕ್ಕೋ’ ತಿಳಿಯಲಿಲ್ಲ. ಬಿಟ್ಟುಬಿಟ್ಟ.

ಆಮೇಲೆ ಮಂಜು ಇನ್ನೂ ದಟ್ಟವಾಯಿತು. ಮೇಲೂ ಬಿಳಿ, ಕೆಳಗೂ ಬಿಳಿ, ನಡುವೆ ಗೆರೆಯಿಲ್ಲ. ಅಂಥ ಹೊತ್ತಿನಲ್ಲಿ ಪಳಗಿದವರಿಗೂ ತಾವು ಜಾರುತ್ತಿದ್ದೇವೋ ನಿಂತಿದ್ದೇವೋ ತಿಳಿಯದೆ ತಲೆ ಸುತ್ತುತ್ತದಂತೆ. ಸಾವ್ಕಾರ್ರು ಕಣ್ಣು ಬಿಗಿಹಿಡಿದು, ಮೊಣಕಾಲು ಬಗ್ಗಿಸಿ, ಹಲ್ಲು ಕಚ್ಚಿ, ಭಯಂಕರ ವೇಗದಲ್ಲಿ ಧಾವಿಸುತ್ತ, ದಾರಿ ಬಿಡಿ ದಾರಿ ಬಿಡಿ ಎಂದು ಕನ್ನಡದಲ್ಲೇ ಕೂಗುತ್ತಿದ್ದರು. ಪಕ್ಕದಲ್ಲಿ ಮೆಲ್ಲಗೆ ನಡೆದು ಬಂದ ಹೆಂಡತಿ ಹೇಳಿದರು: ‘ಯಾಕ ಒದರ್ತೀರಿ? ಆಗಿಂದ ಅಲ್ಲೇ ನಿಂತೀರಿ.’

ಸ್ಕೀಯಿಂಗ್ ಅಲ್ಲಿಗೆ ಮುಗಿಯಿತು. ಹೆಲಿಕಾಪ್ಟರ್, ಫ್ರೆಂಚ್ ಮುದುಕ, ಕಣಿವೆಯ ಅಂಚಿನಲ್ಲಿ ಒಂಟಿಗಾಲಲ್ಲಿ ತಿರುವು, ಇವೆಲ್ಲ ಹೊಸಪೇಟೆಯಿಂದ ಈಚೆಗೆ ಸೇರಿದವು. ಹವಾಮಾನ ಚೆನ್ನಾಗಿದ್ದರೆ ಸಾವ್ಕಾರ್ರು ಇಷ್ಟು ಬೆಳೆಯುತ್ತಿರಲಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಿಸಿಲಿದ್ದರೆ ದಿಬ್ಬ ಎಷ್ಟಿದೆಯೋ ಅಷ್ಟೇ ಫೋಟೋದಲ್ಲಿ ಬರುತ್ತಿತ್ತು, ಪಕ್ಕದಲ್ಲಿ ಅವರಿಗಿಂತ ಚೆನ್ನಾಗಿ ಜಾರುವ ಐದು ವರ್ಷದ ಕೂಸೂ ಬರುತ್ತಿತ್ತು. ಮಂಜು ಅವೆರಡನ್ನೂ ಅಳಿಸಿ, ಇಡೀ ಹಿಮಾಲಯವನ್ನು ಖಾಲಿ ಹಾಳೆ ಮಾಡಿ ಅವರ ಕೈಗೆ ಕೊಟ್ಟಿತು. ಯೂರಿಯಾಕ್ಕೆ ಬಂದವರಿಗೆ ಅದರಲ್ಲಿ ಒಂದು ಇಳಿಜಾರು ತೋರಿಸುತ್ತಾರೆ, ಸಾಲ ವಸೂಲಿಗೆ ಬಂದ ಬ್ಯಾಂಕಿನವರಿಗೆ ಇನ್ನೊಂದು, ಕೃಷಿ ಇಲಾಖೆಯವರು ದಾಸ್ತಾನು ನೋಡಲು ಬಂದರೆ ಪ್ರಪಾತವನ್ನೇ ತೋರಿಸುತ್ತಾರೆ.

ಒಂದು ಭಾಗವನ್ನು ಮಾತ್ರ ಅವರು ಹೇಳುವುದಿಲ್ಲ. ಅದು ಗೊತ್ತಾದದ್ದು ಮನೆಯವರಿಂದ, ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಬಿದ್ದು ಸುಸ್ತಾದ ಮೇಲೆ ಗೈಡ್ ಹುಡುಗ ತಗಡಿನ ಗುಡಿಸಿಲಿಗೆ ಕರೆದೊಯ್ದು, ಫೆರನ್ ನಿಲುವಂಗಿಯೊಳಗಿನ ಕೆಂಡದ ಬುಟ್ಟಿ ಕಾಂಗ್ಡಿಯನ್ನು ತೆಗೆದು ಸಾವ್ಕಾರ್ರ ಮುಂದಿಟ್ಟು, ಉಪ್ಪು ಹಾಕಿದ ಗುಲಾಬಿ ಚಹಾ ಕೊಟ್ಟನಂತೆ. ಇವರು ರೊಟ್ಟಿ, ಚಟ್ನಿ ಬಿಚ್ಚಿದರು. ಹುಡುಗ, ಪೂರ್ತಿ ಜನವರಿ ಸೂಖಾ ಹೋಯಿತು, ಒಂದು ಪೈಸೆ ದುಡಿಮೆಯಿಲ್ಲ, ಎಂದ. ಸೂಖಾ ಎಂಬುದು ಸಾವ್ಕಾರ್ರಿಗೆ ತಟ್ಟನೆ ತಿಳಿಯಿತು. ಎಷ್ಟು ಎಕರೆ ಎಂದು ಕೇಳಿದರು. ಹುಡುಗನ ಅಪ್ಪನಿಗೆ ಸ್ವಲ್ಪ ಸೇಬಿನ ತೋಟವಿದೆ, ಸೇಬಿಗೆ ಕಜ್ಜಿ ರೋಗ, ಮೇಲಿಂದ ಮೇಲೆ ಔಷಧ ಹೊಡೆಯಬೇಕು, ಅಂಗಡಿಯಲ್ಲಿ ಉದ್ರಿ ಬೆಳೆದಿದೆ. ಸಾವ್ಕಾರ್ರೊಳಗಿನ ವ್ಯಾಪಾರಿ ಎದ್ದು ಕೂತ. ಯಾವ ಔಷಧ, ಏನು ರೇಟು, ಡೀಲರ್ ಯಾರು, ನನ್ನ ಜೊತೆ ಫೋನಿನಲ್ಲಿ ಮಾತಾಡಿಸು, ಉದ್ರಿ ವಿಷಯ ನಾನು ಹೇಳುತ್ತೇನೆ ಎಂದರು.

ಹುಡುಗ ತಲೆಯಾಡಿಸಿದ. ಡೀಲರ್ ಊರಲ್ಲಿಲ್ಲ ಸಾಬ್, ಕಂಪನಿ ಟೂರು, ಕೇರಳಕ್ಕೆ ಹೋಗಿದ್ದಾನೆ.

ಸಾವ್ಕಾರ್ರು ಆಮೇಲೆ ಎರಡನೆಯ ಬಟ್ಟಲು ಉಪ್ಪಿನ ಚಹಾವನ್ನು ತಕರಾರಿಲ್ಲದೆ ಕುಡಿದರಂತೆ. ಹೊರಡುವಾಗ ಗೊತ್ತು ಮಾಡಿದ್ದಕ್ಕಿಂತ ಐನೂರು ಹೆಚ್ಚು ಕೊಟ್ಟರಂತೆ. ಇದನ್ನು ಹೇಳಿ ಮನೆಯವರು, ‘ಊರಾಗ ಯಾರಿಗೂ ಹೇಳಬ್ಯಾಡ್ರಿ, ಉದ್ರಿಗೆ ಸಾಲು ಹಚ್ತಾರ’ ಎಂದರು.

ಊರಿಗೆ ಬಂದ ಸಾವ್ಕಾರ್ರು ಬೇರೆಯೇ ಮನುಷ್ಯ. ಡಿಸೆಂಬರ್ ಮುಂಜಾನೆ ಯಾರಾದರೂ ಶಾಲು ಹೊದ್ದು ಬಂದರೆ ಕನಿಕರದಿಂದ ನೋಡುತ್ತಾರೆ. ‘ಚಳಿ? ಇದಕ್ಕ ಚಳಿ ಅಂತೀಯೇನಪಾ?’ ಮನೆಯ ಫ್ರಿಜ್ಜಿನ ಬಾಗಿಲು ತೆಗೆದಾಗಲೆಲ್ಲ ಒಂದು ಕ್ಷಣ ನಿಂತು ಮೂಗಿನಿಂದ ಉಸಿರೆಳೆದುಕೊಳ್ಳುತ್ತಾರೆಂದು ಮಕ್ಕಳು ಹೇಳುತ್ತವೆ. ಪರಿಷೆಯಲ್ಲಿ ಐಸ್ ಗೋಲಾದವನು ಗಡ್ಡೆ ತುರಿಯುತ್ತಿದ್ದರೆ, ಇದು ಹಳೇ ಐಸು, ಹೊಸದು ಕಾಲಿಗೆ ಹತ್ತೋದೇ ಇಲ್ಲ, ಎಂದು ಅವನಿಗೆ ತಿಳಿಹೇಳುತ್ತಾರೆ.

ಅವರ ಹತ್ತಿರ ಒಂದು ಬ್ರಹ್ಮಾಸ್ತ್ರವಿದೆ. ‘ಗುಲ್ಮರ್ಗದಾಗ ನಮ್ಮ ಸೈನಿಕರಿಗೆ ಸ್ಕೀಯಿಂಗ್ ಸಾಲಿ ತೆಗೆದೋರು ಯಾರು? ನಮ್ಮ ಕೊಡಗಿನ ತಿಮ್ಮಯ್ಯನೋರು! 1948ರಾಗ!’ ಇದು ಅಪ್ಪಟ ನಿಜ. 19ನೆಯ ಇನ್‌ಫೆಂಟ್ರಿ ಡಿವಿಷನ್ನಿನ ದಂಡನಾಯಕರಾಗಿದ್ದ ಕೊಡಂದೆರ ತಿಮ್ಮಯ್ಯ, ಜೋಜಿಲಾ ಕಣಿವೆಗೆ ಟ್ಯಾಂಕು ಏರಿಸಿದ ಅದೇ ವರ್ಷದ ಕೊನೆಗೆ ಅಲ್ಲಿ ಸ್ಕೀ ಶಾಲೆ ತೆರೆದರು. ಅದೇ ಬೆಳೆದು ಇಂದಿನ ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಗಿದೆ. ಸಾವ್ಕಾರ್ರು ಹೇಳುವುದರಲ್ಲಿ ನೂರಕ್ಕೆ ನೂರು ಸತ್ಯವಾದದ್ದು ಇದೊಂದೇ. ಊರು ನಂಬದೆ ನಕ್ಕದ್ದೂ ಇದೊಂದಕ್ಕೇ.

ಹೈಸ್ಕೂಲಿನ ಮೇಷ್ಟ್ರೊಬ್ಬರು ಒಮ್ಮೆ ಪತ್ರಿಕೆ ಹಿಡಿದು ಬಂದರು. ಕೊಡಗಿನದೇ ಹುಡುಗಿ ಭವಾನಿ ತೆಕ್ಕಡ ನಂಜುಂಡ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ, ಅದೂ ಗುಲ್ಮರ್ಗದ ಹಿಮದಲ್ಲಿ, ಕರ್ನಾಟಕಕ್ಕೆ ಸ್ಕೀಯಿಂಗ್ ಪದಕ ತಂದ ಸುದ್ದಿ. ಮೇಷ್ಟ್ರ ಉದ್ದೇಶ ಶುದ್ಧ ಕೀಟಲೆ. ಸಾವ್ಕಾರ್ರು ಕನ್ನಡಕ ಏರಿಸಿ ಓದಿ, ಪತ್ರಿಕೆ ಮಡಚಿ, ಗಂಭೀರವಾಗಿ ಹೇಳಿದರು:

‘ಪಾಪ, ಜಾಣಿ ಹುಡುಗಿ. ಆದ್ರ ಆಕಿದು ಕ್ರಾಸ್ ಕಂಟ್ರಿ. ಅದರಾಗ ಹಿಮ್ಮಡಿ ಬಿಡುವು ಇರತೈತಿ. ನಂದು ಡೌನ್‌ಹಿಲ್. ಹಿಮ್ಮಡಿ ಪೂರಾ ಲಾಕ್.’

‘ಆಕಿ ಗುಡ್ಡ ಹತ್ತತಾಳ ಕೂಡಾ,’ ಎಂದರು ಮೇಷ್ಟ್ರು.

‘ಅದಕ್ಕ ಹೇಳಿದ್ದು. ನಂದು ಬರೇ ಇಳಿಯೋದು.’

ಇದನ್ನು ಅಲ್ಲಗಳೆಯಲು ಮೇಷ್ಟ್ರಿಗೆ ಏನೂ ಸಿಗಲಿಲ್ಲ.

ಸಾವ್ಕಾರ್ರನ್ನು ಸೋಲಿಸಿದವನು ಅಂಕಸಮುದ್ರದ ಕಡೆಯ ಒಬ್ಬ ರೈತ. ಅಲ್ಲಿಯ ಕೆರೆ ಹಕ್ಕಿಗಳಿಗೆ ಹೆಸರಾದದ್ದು. 2024ರ ಜನವರಿ ಕೊನೆಯಲ್ಲಿ, ಅಂದರೆ ಇವರು ಸ್ವೆಟರು ಮಡಚುತ್ತಿದ್ದ ಅದೇ ವಾರ, ಜೌಗುಪ್ರದೇಶಗಳ ಅಂತಾರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ಜೊತೆಗೆ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಸೇರಿತು; ಅಲ್ಲಿಗೆ ಬರುವ ಪಟ್ಟೆತಲೆ ಬಾತುಗಳು ಹಿಮಾಲಯವನ್ನೇ ದಾಟಿ ಬರುತ್ತವೆ. ಆ ರೈತ ಬಿಳಿ ಫೋಟೋವನ್ನು ಬಹಳ ಹೊತ್ತು ನೋಡಿದ. ‘ಸಾವ್ಕಾರ್ರ, ಹಕ್ಕಿ ಚಳಿ ತಡೀಲಾರದ ಅಲ್ಲಿಂದ ಇಲ್ಲಿಗೆ ಬರತಾವು. ಅವಕ್ಕ ಯಾವ ಕಂಪನೀನೂ ಟಿಕೀಟು ಕೊಟ್ಟಿಲ್ಲ. ನೀವು ಕಂಪನಿ ಟಿಕೀಟು ತಗಂಡು ಉಲ್ಟಾ ಹೋದ್ರಿ. ಹಕ್ಕಿಗೆ ಬುದ್ಧಿ ಇಲ್ಲೋ, ಕಂಪನಿಗೆ ಇಲ್ಲೋ?’

ಸಾವ್ಕಾರ್ರು ಅಂದು ಅವನಿಗೆ ಹಳೆಯ ಉದ್ರಿ ನೆನಪಿಸಿ ಸೇಡು ತೀರಿಸಿಕೊಂಡರು.

2024ರಲ್ಲಿ ಮುಂಗಾರು ಕೈ ಕೊಡಲಿಲ್ಲ. ಮೆಕ್ಕೆಜೋಳ ಎದ್ದಿತು, ಹಿಂದೆಯೇ ಲದ್ದಿಹುಳ. ಅದೇ ರೈತ ಸುಳಿ ತೂತಾದ ಗಿಡವೊಂದನ್ನು ಹಿಡಿದು ಅಂಗಡಿಗೆ ಬಂದ. ಸಾವ್ಕಾರ್ರು ಗಿಡವನ್ನು ತಿರುಗಿಸಿ ನೋಡಿ, ಮುಖ ಗಂಭೀರ ಮಾಡಿಕೊಂಡು, ಮೂರು ಡಬ್ಬಿ ಟೇಬಲ್ ಮೇಲಿಟ್ಟರು.

‘ಎರಡು ಸಾಕಾಗತಿದ್ವಲ್ರಿ?’

‘ಹುಳ ಜೋರೈತಪಾ ಈ ಸಲ. ಮ್ಯಾಲೆ ಕಂಪನಿಯವ್ರು ಸ್ವಿಟ್ಜರ್ಲೆಂಡ್ ಇಟ್ಟಾರ. ಅಲ್ಲಿ ಐಸ್ ಬ್ಯಾರೆ ಥರಾನೇ ಅಂತ.’

ರೈತ ಮೂರನೆಯ ಡಬ್ಬಿಯನ್ನು ಕೈಯಲ್ಲೆತ್ತಿ ತೂಗಿ ನೋಡಿದ.

‘ಇಲ್ಲಿಂದ ಎಷ್ಟು ಡಬ್ಬಿ ದೂರ ಐತ್ರಿ ಅದು?’

ಸಾವ್ಕಾರ್ರು ಕನ್ನಡಕ ಏರಿಸಿ ಕ್ಯಾಲ್ಕುಲೇಟರ್ ಹತ್ತಿರಕ್ಕೆ ಎಳೆದುಕೊಂಡರು.